ಟೈಪಕ್ಕ ಬಿಟ್ಟ ಒಂದೂವರೆ ಸಾಲು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಎದುರು, ಸೈಕಲ್ ರಿಪೇರಿ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಎಂಟಡಿ ಅಗಲದ ಅಂಗಡಿಯ ಶಟರು ಅರ್ಧ ಮೇಲೇಳುತ್ತದೆ. ಪೂರ್ತಿ ಏಳುವುದಿಲ್ಲ, ಹನ್ನೊಂದು ವರ್ಷದಿಂದ ಅದಕ್ಕೆ ಅಷ್ಟೇ ತ್ರಾಣ. ಆ ಅರ್ಧಕ್ಕೆ ತಲೆ ತಗ್ಗಿಸಿ ಒಳಗೆ ಹೋಗುವ ಹೆಂಗಸು ಮೊದಲು ಜೆರಾಕ್ಸ್ ಯಂತ್ರದ ಗುಂಡಿ ಒತ್ತುತ್ತಾರೆ. ಅದು ಬೆಚ್ಚಗಾಗುವಷ್ಟರಲ್ಲಿ ಎರಡು ಕಂಪ್ಯೂಟರುಗಳ ಮೇಲಿನ ಬಟ್ಟೆ ತೆಗೆದು ಮಡಚುತ್ತಾರೆ. ಆಮೇಲೆ ಕುರ್ಚಿಯ ಬೆನ್ನು ಹಿಡಿದು, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ದೇವರಲ್ಲಿ ಏನು ಕೇಳುತ್ತೀರಿ ಎಂದರೆ ನಾಚಿಕೆ. "ಇವತ್ತಾದ್ರೂ ಕೈ ಕಣ್ಣಿನ ಮಾತು ಕೇಳಲಿ ಅಂತ. ಅಷ್ಟೇ."

ಅರವತ್ತೊಂದು ವರ್ಷದ ಇವರನ್ನು ಸಂಶೋಧನಾ ವಿದ್ಯಾರ್ಥಿಗಳು ಕರೆಯುವುದು ಟೈಪಕ್ಕ ಎಂದು. ಕೆಲಸ ಟೈಪಿಂಗು. ಅಂಗಡಿಯ ಹಿಂಬದಿಯ ಪರದೆಯಾಚೆ ಗಂಡ ಪುಸ್ತಕ ಕಟ್ಟುತ್ತಾರೆ. ಅವರು ಬೈಂಡರ್ ಅಣ್ಣ. ಮುಂದೆ ಅಕ್ಷರ, ಹಿಂದೆ ಅಂಟು. ಮೂವತ್ತೆಂಟು ವರ್ಷದ ಸಂಸಾರ ಈ ಎಂಟಡಿಯಲ್ಲೇ ಮುಕ್ಕಾಲುಪಾಲು ಕಳೆದಿದೆ.

ಆರು ಗಂಟೆಗೆ ಮೊದಲ ವಿದ್ಯಾರ್ಥಿ ಹಾಜರು. ಹಾಸ್ಟೆಲಿನಲ್ಲಿ ಎದ್ದವನು ಎದ್ದ ಹಾಗೇ ಬಂದಿದ್ದಾನೆ. ಕೈಯಲ್ಲಿ ಎರಡನೇ ಅಧ್ಯಾಯ. ಪ್ರಬಂಧದ ಎರಡನೇ ಅಧ್ಯಾಯವೆಂದರೆ, ಈ ವಿಷಯದಲ್ಲಿ ನಮಗಿಂತ ಹಿಂದಿನವರು ಏನೇನು ಹುಡುಕಿದ್ದಾರೆ, ಏನೇನು ಹೇಳಿದ್ದಾರೆ ಎಂದು ಬರೆಯುವ ಜಾಗ. ಸಾಹಿತ್ಯ ಸಮೀಕ್ಷೆ ಎನ್ನುವುದು ಪುಸ್ತಕದ ಮಾತು. ಈ ಬೀದಿಯಲ್ಲಿ ಎಲ್ಲರಿಗೂ ಅದು 'ಎರಡನೇ ಅಧ್ಯಾಯ', ಎಲ್ಲರಿಗೂ ಅದೇ ತಲೆನೋವು.

ಟೈಪಕ್ಕ ಕನ್ನಡಕ ಏರಿಸಿ ನಾಲ್ಕು ಹಾಳೆ ಓದುತ್ತಾರೆ. ಪ್ರತಿ ಪ್ಯಾರಾ ಒಂದೇ ಥರ ಶುರು: ಇಂಥವರು ಇಂಥ ವರ್ಷದಲ್ಲಿ ಅಧ್ಯಯನ ಮಾಡಿ ಹೀಗೆಂದರು. ಇಂಥವರು ಇಂಥ ವರ್ಷದಲ್ಲಿ ಅಧ್ಯಯನ ಮಾಡಿ ಹಾಗೆಂದರು.

"ಇದೇನಪ್ಪಾ, ಹಾಜರಿ ಕೂಗ್ತಿದ್ದೀಯಾ?"

"ಯಾಕಕ್ಕಾ?"

"ಮತ್ತೆ? ಒಬ್ಬೊಬ್ಬರೂ ಎದ್ದು ನಿಂತು 'ಬಂದಿದೀನಿ ಸಾರ್' ಅಂದು ಕೂತ್ಕೊಂಡ್ರು. ಮೂವತ್ತಾರು ಜನ ಒಂದೇ ಕೋಣೇಲಿದ್ದಾರೆ, ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ಇವರು ಹೇಳಿದ್ದಕ್ಕೆ ಅವರು ಹೌದಂತಾರಾ, ಇಲ್ಲಂತಾರಾ? ಜಗಳ ಆಡ್ಸಪ್ಪಾ ಸ್ವಲ್ಪ."

"ನಮ್ಮ ಗೈಡು ಇಪ್ಪತ್ತು ಪುಟ ಆದ್ರೆ ಸಾಕು ಅಂದಿದಾರಕ್ಕ."

"ಪುಟ ಬೇಕಿದ್ರೆ ಖಾಲಿ ಹಾಳೆ ಕಟ್ಟಿಕೊಡ್ತಾರೆ ನಮ್ಮನೆಯವರು. ಒಳ್ಳೆ ಗಟ್ಟಿ ರಟ್ಟು ಹಾಕಿ."

ಪರದೆಯಾಚೆಯಿಂದ ಬೈಂಡರ್ ಅಣ್ಣನ ನಗು ಕೇಳುತ್ತದೆ. ಹುಡುಗ ಪೆಚ್ಚಾಗಿ ಬೆಂಚಿನ ಮೇಲೆ ಕೂರುತ್ತಾನೆ. ಟೈಪಕ್ಕ ಅವನ ಮಡಿಲಿಗೆ ಒಂದು ಕಟ್ಟು ಚೀಟಿ ಹಾಕುತ್ತಾರೆ. ಬೈಂಡಿಂಗಿನಲ್ಲಿ ಅಂಚು ಕತ್ತರಿಸಿದಾಗ ಉಳಿಯುವ ಕಾಗದವನ್ನು ಗಂಡ ಅಂಗೈಯಗಲಕ್ಕೆ ತುಂಡರಿಸಿ ಇಟ್ಟಿರುತ್ತಾರೆ. ಓದಿದ ಒಂದೊಂದು ಪುಸ್ತಕಕ್ಕೆ, ಲೇಖನಕ್ಕೆ ಒಂದೊಂದು ಚೀಟಿ. ಚೀಟಿಯಲ್ಲಿ ನಾಲ್ಕೇ ಮಾತು: ಇವರು ಏನು ಕೇಳಿದರು, ಹೇಗೆ ನೋಡಿದರು, ಏನು ಸಿಕ್ಕಿತು, ಏನು ಬಿಟ್ಟರು. ಚೀಟಿಯೆಲ್ಲ ತುಂಬಿದ ಮೇಲೆ ನೆಲದ ಮೇಲೆ ಹರಡಿಕೊಂಡು, ಒಂದೇ ಮಾತು ಆಡಿದವರನ್ನು ಒಂದು ಗುಂಪು ಮಾಡಬೇಕು, ಅವರಿಗೆ ಎದುರು ಮಾತಾಡಿದವರನ್ನು ಅವರೆದುರಿಗೆ ಕೂರಿಸಬೇಕು. ಎಲ್ಲರ 'ಏನು ಬಿಟ್ಟರು' ಎಂಬುದನ್ನು ಕೊನೆಗೆ ಒಟ್ಟಿಗೆ ಓದಬೇಕು. "ನೀನು ಬರೀಬೇಕಾದ್ದು ಅಲ್ಲಿರತ್ತೆ. ಆಕಾಶದಿಂದ ಉದುರಲ್ಲ ಅದು."

ಚೀಟಿಯ ಬಲ ಮೂಲೆಯಲ್ಲಿ ಒಂದು ಪುಟ್ಟ ಚೌಕ. ಅದರಲ್ಲಿ 'ಕಂಡದ್ದು' ಅಥವಾ 'ಕೇಳಿದ್ದು' ಎಂದು ಬರೆಯಬೇಕು. ಮೂಲವನ್ನು ತಾನೇ ಕಣ್ಣಾರೆ ಓದಿದ್ದರೆ ಕಂಡದ್ದು. ಬೇರೆ ಯಾರದೋ ಎರಡನೇ ಅಧ್ಯಾಯದಿಂದ ಎತ್ತಿಕೊಂಡಿದ್ದರೆ ಕೇಳಿದ್ದು. ಕೇಳಿದ್ದನ್ನು ಕಂಡದ್ದರ ಜೊತೆ ಬೆರೆಸಿದ ಹಾಳೆಯನ್ನು ಟೈಪಕ್ಕ ಈಗ ಟೈಪು ಮಾಡುವುದಿಲ್ಲ. ಎದುರಿಗೇ ಮಡಚಿ ವಾಪಸು ಕೊಡುತ್ತಾರೆ. ಬೀದಿಯ ಆ ತುದಿಯಲ್ಲಿ ಇನ್ನೂ ಎರಡು ಟೈಪಿಂಗ್ ಅಂಗಡಿಗಳಿವೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ಇಲ್ಲಿಗೆ ಬರುವವರು ಕಡಿಮೆಯಾಗಿದ್ದಾರೆ.

"ಈ ಚೌಕ ಮೊದಲಿನಿಂದ ಇರಲಿಲ್ಲ," ಅನ್ನುತ್ತಾರೆ ಅವರು. "ಹೋದ ವರ್ಷದಿಂದ ಹಾಕಿಸ್ತಿದೀನಿ. ಮೂವತ್ತನಾಲ್ಕು ವರ್ಷ ತಡವಾಗಿ."

ಟೈಪಕ್ಕ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹತ್ತನೇ ತರಗತಿ ಮುಗಿದ ವರ್ಷ ಅಪ್ಪ ತೀರಿಕೊಂಡರು. ಸೋದರಮಾವ ಟೈಪಿಂಗ್ ಕಲಿಯಲು ಸೇರಿಸಿದರು. ಆರು ತಿಂಗಳಲ್ಲಿ ಕೈ ನೋಡದೆ ಹೊಡೆಯುವುದು ಬಂತು, ಒಂದು ವರ್ಷದಲ್ಲಿ ಕಾಗದದಲ್ಲಿರುವುದನ್ನು ಓದದೆಯೇ ಹೊಡೆಯುವುದೂ ಬಂತು. ಎರಡನೆಯದನ್ನೇ ಕಲಿಸಿದವರು ಹೆಚ್ಚು ಹೊಗಳಿದರಂತೆ. ಓದುತ್ತ ಕೂತರೆ ವೇಗ ಬರುವುದಿಲ್ಲ, ಕಣ್ಣಿಗೆ ಬಿದ್ದ ಅಕ್ಷರ ಬೆರಳಿಗೆ ಇಳಿಯಬೇಕು, ನಡುವೆ ತಲೆ ಬರಬಾರದು ಎನ್ನುವುದು ಅವರ ಪಾಠ. "ಚೆನ್ನಾಗೇ ಕಲಿತೆ," ಎಂದು ಟೈಪಕ್ಕ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾರೆ. ಬಲಗೈಯ ಎರಡು ಬೆರಳು ಈಗ ಬೆಳಗಿನ ಹೊತ್ತು ಮಡಚುವುದಿಲ್ಲ. ಬಿಸಿನೀರಿನ ಲೋಟ ಹಿಡಿದುಕೊಂಡರೆ ಒಂದಿಷ್ಟು ಸಡಿಲ.

ದಿನಕ್ಕೆ ಐವತ್ತು ಪುಟ ಮಾಮೂಲು. ಪ್ರಬಂಧ ಸಲ್ಲಿಸುವ ತಿಂಗಳಲ್ಲಿ ಎಂಬತ್ತು. ಇಲ್ಲಿಯವರೆಗೆ ನಾನೂರ ಹನ್ನೆರಡು ಪ್ರಬಂಧ. ಎಣಿಸಿದವರು ಟೈಪಕ್ಕನಲ್ಲ, ಗಂಡ. ಕಟ್ಟಿದ ಪ್ರತಿಯೊಂದು ಪ್ರಬಂಧದ ಬೈಂಡಿಂಗ್ ಬಟ್ಟೆಯಿಂದ ಬೆರಳುದ್ದದ ಒಂದು ಚೂರು ತೆಗೆದು ದಾರಕ್ಕೆ ಪೋಣಿಸಿಟ್ಟಿದ್ದಾರೆ. ಡಾಕ್ಟರಾದವರು ನಾನೂರ ಹನ್ನೆರಡು ಜನ. ಪೀಠಿಕೆಯಲ್ಲಿ 'ಅಂದವಾಗಿ ಟೈಪು ಮಾಡಿಕೊಟ್ಟವರಿಗೆ' ಎಂದು ನೆನೆದವರು ಎಷ್ಟು ಜನ ಎಂದರೆ ಟೈಪಕ್ಕ ನಗುತ್ತಾರೆ. "ಆ ಸಾಲನ್ನೂ ನಾನೇ ಟೈಪು ಮಾಡ್ಬೇಕಲ್ಲ, ಸಂಕೋಚ ಆಗತ್ತೆ."

ಹೋದ ವರ್ಷ ಇದೇ ಬೆಂಚಿನ ಮೇಲೆ ಒಬ್ಬಳು ಬಂದು ಕೂತಳು. ಬಸ್ ಡ್ರೈವರೊಬ್ಬರ ಮಗಳು. ಮದುವೆಯಾಗಿ, ಒಂದು ಮಗುವಾಗಿ, ಆಮೇಲೆ ಸಂಶೋಧನೆಗೆ ಸೇರಿದವಳು. ವಿಷಯ, ಹುಡುಗಿಯರು ನಡುವೆಯೇ ಶಾಲೆ ಬಿಡುವುದು. ಅವಳ ಕೈಯಲ್ಲಿ ಎರಡನೇ ಅಧ್ಯಾಯ ಇತ್ತು, ಮುಖದಲ್ಲಿ ಸಿಡುಕು ಇತ್ತು.

"ಅಕ್ಕಾ, ಒಬ್ಬರು ದೊಡ್ಡ ಪ್ರೊಫೆಸರು ಆರು ವರ್ಷ ಮೂವತ್ತೊಂದು ಶಾಲೆಯ ಹಾಜರಿ ಪುಸ್ತಕ ತಾಳೆ ನೋಡಿ, ಮನೆಗೆ ನೀರು ದೂರ ಇದ್ದಷ್ಟೂ ಹುಡುಗೀರು ಬೇಗ ಶಾಲೆ ಬಿಡ್ತಾರೆ ಅಂತ ತೋರಿಸಿದರಂತೆ. ಹದಿನೇಳು ಪ್ರಬಂಧದಲ್ಲಿ ಹಾಗೇ ಬರೆದಿದಾರೆ. ನಾನು ಆ ಪ್ರೊಫೆಸರ ಪುಸ್ತಕ ತಂದು ಮೊದಲಿಂದ ಕೊನೇವರೆಗೆ ಓದಿದೆ. ಎರಡು ಸಲ. ಅದರಲ್ಲಿ ಶಾಲೇನೂ ಇಲ್ಲ, ನೀರೂ ಇಲ್ಲ."

"ಇನ್ನೊಂದು ಪುಸ್ತಕ ಬರೆದಿರಬಹುದಲ್ಲಮ್ಮ?"

"ಇಲ್ಲಕ್ಕ. ಅವರು ಹೋದದ್ದು ಮನೆಮನೆಗೆ. ಅಪ್ಪ ಅಮ್ಮಂದಿರ ಮನಸ್ಸೇ ಕಾರಣ ಅಂದೋರು ಅವರು. ಈ ನೀರಿನ ಮಾತು ಯಾರದ್ದೋ. ಮೊದಲು ಯಾರು ಹಾಗೆ ಬರೆದ್ರು ಅಂತ ಹಿಂದೆ ಹಿಂದೆ ಹೋದೆ. ಎಲ್ಲಕ್ಕಿಂತ ಹಳೇ ಪ್ರಬಂಧದ ಕೊನೇ ಹಾಳೇಲಿ 'ಇಲ್ಲಿ ಟೈಪು ಮಾಡಲಾಗಿದೆ' ಅಂತ ನಿಮ್ಮ ಅಂಗಡಿಯ ಮೊಹರು ಇದೆ. ಅದಕ್ಕೇ ಬಂದೆ."

ಇನ್ನೊಂದು ವಿಚಿತ್ರವನ್ನೂ ಅವಳು ಹೇಳಿದಳು. ಆ ಹಳೆಯ ಪ್ರಬಂಧದ ಕೊನೆಯ ಗ್ರಂಥಪಟ್ಟಿಯಲ್ಲಿ ಒಬ್ಬ ಶಾಲಾ ಟೀಚರ ಹೆಸರಿದೆ. ಶಿಕ್ಷಕರ ಸಂಘದ ಪತ್ರಿಕೆಯಲ್ಲಿ ಬಂದ ಅವರ ಒಂದು ಲೇಖನ. ಆದರೆ ಪ್ರಬಂಧದೊಳಗೆ ಎಲ್ಲೂ ಆ ಟೀಚರ ಮಾತೇ ಇಲ್ಲ. ಹಿಂದೆ ಹೆಸರಿದೆ, ಮುಂದೆ ಆಳಿಲ್ಲ.

ಟೈಪಕ್ಕ ಎದ್ದು, ಸ್ಟೂಲು ಹಾಕಿಕೊಂಡು, ಅಟ್ಟದ ಮೇಲೆ ಕೈಯಾಡಿಸಿದರು. ಯಾರೂ ವಾಪಸು ಒಯ್ಯದ ಹಸ್ತಪ್ರತಿಗಳು ಅಲ್ಲಿ ಕಟ್ಟುಕಟ್ಟಾಗಿ ಕೂತಿರುತ್ತವೆ. ರಟ್ಟಿನ ಒಳಮೈಗೆ ಅಂಟಿಸಲು ಆಗುತ್ತದೆಂದು ಬೈಂಡರ್ ಅಣ್ಣ ಇಟ್ಟುಕೊಂಡವು. ಕೆಲವು ಹಾಗೆ ಅಂಟಿಹೋಗಿವೆ, ಕೆಲವು ಉಳಿದಿವೆ. ಆ ಹಸ್ತಪ್ರತಿ ಉಳಿದಿತ್ತು. ಅದನ್ನು ದೇವರ ದಯೆ ಎನ್ನಬೇಕೋ ದೇವರ ಲೆಕ್ಕ ಎನ್ನಬೇಕೋ ಟೈಪಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಹಾಳೆ ಸಿಕ್ಕಿತು. ನೀಲಿ ಶಾಯಿಯ ಬರಹ. ಅದರಲ್ಲಿ ಎರಡು ವಾಕ್ಯಗಳಿದ್ದವು. ಮೊದಲನೆಯದು: ಪ್ರೊಫೆಸರು ಆರು ವರ್ಷಗಳ ಕಾಲ ಮನೆಮನೆಗೆ ಹೋಗಿ, ತಂದೆತಾಯಿಯರ ಮನಸ್ಸೇ ಕಾರಣವೆಂದರು. ಎರಡನೆಯದು: ಟೀಚರು ಆರು ವರ್ಷಗಳ ಕಾಲ ಮೂವತ್ತೊಂದು ಶಾಲೆಗಳ ಹಾಜರಿ ಪುಸ್ತಕ ತಾಳೆ ನೋಡಿ, ನೀರಿನ ದೂರವೇ ಕಾರಣವೆಂದರು. ಎರಡರಲ್ಲೂ 'ಆರು ವರ್ಷಗಳ ಕಾಲ' ಇತ್ತು, ಒಂದರ ಕೆಳಗೆ ಒಂದು. ಮೊದಲನೆಯ 'ಆರು ವರ್ಷ'ವನ್ನು ಹೊಡೆದು ಕಣ್ಣೆತ್ತಿ ಮತ್ತೆ ಇಳಿಸಿದಾಗ, ಕಣ್ಣು ಎರಡನೆಯ 'ಆರು ವರ್ಷ'ದ ಮೇಲೆ ಕೂತಿತು. ನಡುವಿನ ಒಂದೂವರೆ ಸಾಲು ಬಿದ್ದುಹೋಯಿತು. ಪ್ರೊಫೆಸರ ಹೆಸರಿಗೆ ಟೀಚರ ಕೆಲಸ ಅಂಟಿಕೊಂಡಿತು. ವಾಕ್ಯ ಎಲ್ಲೂ ತಡವರಿಸಲಿಲ್ಲ, ಓದಿದರೆ ಸೊಗಸಾಗಿಯೇ ಇತ್ತು. ಟೈಪು ಮಾಡುವವರಿಗೆ ಮಾತ್ರ ಆಗುವ ತಪ್ಪು ಇದು. ಕಾಗುಣಿತ ತಪ್ಪಿದರೆ ಯಾರಾದರೂ ಹಿಡಿಯುತ್ತಾರೆ. ಇದನ್ನು ಹಿಡಿಯಬೇಕಾದರೆ ಮೂಲ ಓದಿರಬೇಕು.

"ನಾನು ಹೊಡೆದೆ. ಬರೆದೋರು ತಿದ್ದಲಿಲ್ಲ. ಗೈಡು ಸಹಿ ಹಾಕಿದ್ರು. ಅಲ್ಲಿಗೆ ಮೂರು ಜನದ ಕಣ್ಣು ತಪ್ಪಿತು," ಅನ್ನುತ್ತಾರೆ ಟೈಪಕ್ಕ. "ಆಮೇಲೆ ಬಂದ ಹದಿನಾರು ಜನಕ್ಕೆ ಕಣ್ಣೇ ಬೇಕಿರಲಿಲ್ಲ. ತಮಗಿಂತ ಮೊದಲಿನೋರು ಬರೆದದ್ದನ್ನ ನೋಡಿ ಬರ್ಕೊಂಡ್ರು."

ಅಂಗಡಿಗೆ ರಜೆಯಿದ್ದ ದಿನ ಅವರು ಜೀವಮಾನದಲ್ಲಿ ಮೊದಲ ಸಲ ವಿಶ್ವವಿದ್ಯಾಲಯದ ಗ್ರಂಥಾಲಯದೊಳಗೆ ಹೋದರು. ಪ್ರಬಂಧಗಳ ಕೋಣೆಯಲ್ಲಿ ಕೂತು, ಹದಿನೇಳನ್ನೂ ಒಂದೊಂದಾಗಿ ತೆಗೆಸಿಕೊಂಡು, ಆ ವಾಕ್ಯವನ್ನು ಬೆರಳಿಟ್ಟು ಓದಿದರು. ಅವುಗಳಲ್ಲಿ ಆರರ ಬೈಂಡಿಂಗು ಗಂಡನದು. ಅಂದರೆ ಅದೇ ಸುಳ್ಳನ್ನು ಆರು ಸಲ, ಬೇರೆ ಬೇರೆ ವರ್ಷಗಳಲ್ಲಿ, ಟೈಪಕ್ಕನ ಕೈಯೇ ಹೊಡೆದಿತ್ತು. ಒಮ್ಮೆಯೂ ಬೆರಳು ನಿಂತಿರಲಿಲ್ಲ.

ಆ ದಿನ ಮನೆಗೆ ಬಂದವರು ಊಟ ಮಾಡಲಿಲ್ಲ. ಬೈಂಡರ್ ಅಣ್ಣ ಸಮಾಧಾನ ಹೇಳಿದರು. "ಏನೇ, ಒಂದೂವರೆ ಸಾಲಿಗೆ ಹೀಗೆ ಕೂತ್ರೆ ಹೇಗೆ? ನಾನು ಒಂದು ಸಲ ಪೂರಾ ಅಧ್ಯಾಯಾನೇ ತಲೆಕೆಳಗಾಗಿ ಕಟ್ಟಿ ಕೊಟ್ಟಿದ್ದೆ."

"ಅದನ್ನ ತಿರುಗಿಸಿ ಓದ್ಕೋಬಹುದು ರೀ. ಇದನ್ನ ಎಲ್ಲಿ ತಿರುಗಿಸೋದು?"

ತಿರುಗಿಸಲು ಅವರು ಪ್ರಯತ್ನಪಡದೆ ಇರಲಿಲ್ಲ. ಹದಿನೇಳು ಪ್ರಬಂಧಕ್ಕೂ ಒಂದೊಂದು ತಿದ್ದುಪಡಿ ಚೀಟಿ ಅಂಟಿಸಲು ಅನುಮತಿ ಕೊಡಿ ಎಂದು ಗ್ರಂಥಪಾಲಕರಿಗೆ ಅರ್ಜಿ ಕೊಟ್ಟರು. ಒಮ್ಮೆ ಸಲ್ಲಿಸಿದ ಪ್ರಬಂಧವನ್ನು ಬರೆದವರ ಒಪ್ಪಿಗೆಯಿಲ್ಲದೆ ಯಾರೂ ಮುಟ್ಟುವಂತಿಲ್ಲ ಎಂದು ಗ್ರಂಥಪಾಲಕರು ಹೇಳಿದರು, ಸೌಜನ್ಯದಿಂದಲೇ ಹೇಳಿದರು. ಮೊದಲ ಪ್ರಬಂಧ ಬರೆದವರು ಈಗ ನಿವೃತ್ತರು. ಫೋನು ಮಾಡಿದಾಗ ಮೊದಲು ಗುರುತೇ ಹತ್ತಲಿಲ್ಲ, ಹತ್ತಿದ ಮೇಲೆ ಬಹಳ ಪ್ರೀತಿಯಿಂದ ಮಾತಾಡಿದರು. ವಿಷಯ ಕೇಳಿದ ಮೇಲೆ ಪ್ರೀತಿ ಇಳಿಯಿತು. "ಈಗ್ಯಾಕಮ್ಮಾ ಅದನ್ನೆಲ್ಲ ಕೆದಕೋದು? ಮಲಗಿದ್ದನ್ನ ಮಲಗೋಕೆ ಬಿಡಿ. ನನ್ನ ಪ್ರಬಂಧ ತಪ್ಪು ಅಂತ ನಾನೇ ಸಹಿ ಹಾಕಿ ಕೊಡಲಾ?" ಟೈಪಕ್ಕನಿಗೆ ಅವರ ಮೇಲೆ ಕೋಪವಿಲ್ಲ. "ಅವರು ಬರೆದದ್ದು ಸರಿಯಾಗೇ ಇತ್ತಲ್ಲ," ಅನ್ನುತ್ತಾರೆ.

ಉಳಿದದ್ದು ಟೀಚರು. ಇದ್ದಾರೋ ಇಲ್ಲವೋ ತಿಳಿಯದು. ಡ್ರೈವರ ಮಗಳು ಶಿಕ್ಷಕರ ಸಂಘದ ಹಳೆಯ ದಾಖಲೆ ಹುಡುಕಿಸಿ ವಿಳಾಸ ಹಿಡಿದಳು. ಇದ್ದರು. ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದ ಊರಲ್ಲಿ, ತಂಗಿಯ ಜೊತೆ.

ಇಬ್ಬರೂ ಹೋದರು. ಸ್ಟೇಷನರಿ ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಮನೆ. ಕಬ್ಬಿಣದ ಮಂಚ, ಕಿಟಕಿಗೆ ಮುಖಮಾಡಿದ ಬೆತ್ತದ ಕುರ್ಚಿ, ಗೋಡೆಗೆ ಒರಗಿಸಿಟ್ಟ ಊರುಗೋಲು. ಟೀಚರಿಗೆ ಎಂಬತ್ತೊಂದು. ಕಣ್ಣಿನ ನರ ಸೋತು, ಎದುರಿಗಿರುವುದು ಮನುಷ್ಯರೋ ಬಾಗಿಲೋ ಎನ್ನುವಷ್ಟೇ ಕಾಣುತ್ತದೆ. ಟೈಪಕ್ಕ ಬಸ್ಸಿನಲ್ಲಿ ನಾಲ್ಕು ಗಂಟೆ ಜೋಡಿಸಿಕೊಂಡು ಬಂದ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು. ನಿಂತಲ್ಲೇ, ಆದದ್ದನ್ನು ಆದ ಹಾಗೇ ಹೇಳಿದರು.

ಟೀಚರು ಕೇಳಿದರು: "ಹಾಗಾದ್ರೆ ಅವರು ಓದಿದ್ರಾ? ಆ ಪ್ರಬಂಧ ಬರೆದೋರು, ನನ್ನ ಲೇಖನ ಓದಿದ್ರಾ?"

"ಓದಿದ್ರು ಟೀಚರ್. ನಿಮ್ಮ ಹೆಸರು ಹಾಕಿ ಬರೆದಿದ್ರು. ಬಿಟ್ಟವಳು ನಾನು."

"ನಾನು ಯಾರೂ ಓದಲಿಲ್ಲ ಅಂತ ತಿಳ್ಕೊಂಡಿದ್ದೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಹೌದು ಅಂತಾನೂ ಯಾರೂ ಅನ್ನಲಿಲ್ಲ, ತಪ್ಪು ಅಂತಾನೂ ಅನ್ನಲಿಲ್ಲ. ಹುರುಳಿಲ್ಲದ್ದು ಬರೆದಿದೀನಿ, ಅದಕ್ಕೇ ಎಲ್ಲರೂ ಮರ್ಯಾದೆಗೆ ಸುಮ್ಮನಿದಾರೆ ಅಂದ್ಕೊಂಡೆ."

ಒಳಗಿನಿಂದ ಚಹಾ ತಂದ ತಂಗಿ ಮಾತು ಸೇರಿಸಿದರು. "ಇನ್ನೂ ಅರವತ್ತು ಶಾಲೆ ನೋಡಿ ಬರೆದಿಟ್ಟಿದ್ಲು. ಐದು ನೋಟ್‌ಬುಕ್ಕು. ಈ ಮನೆಗೆ ಬರೋವಾಗ ರದ್ದಿಗೆ ಹಾಕಿದ್ಲು. ಇಟ್ಕೊಳ್ಳೇ ಅಂದೆ. ನನ್ನ ಮಾತು ಯಾವತ್ತು ಕೇಳಿದಾಳೆ?"

"ನಿನ್ನ ಮಾತು ಕೇಳಿದ್ರೆ ಒಡೆದ ಛತ್ರೀನೂ ಇಟ್ಕೋಬೇಕಿತ್ತು."

"ಛತ್ರಿ ಇನ್ನೂ ಇಟ್ಕೊಂಡಿದೀಯ, ನೋಟ್‌ಬುಕ್ಕು ಮಾತ್ರ ರದ್ದಿಗೆ ಹಾಕಿದೀಯ. ಎಂಥಾ ಬುದ್ಧಿ!"

ಅಕ್ಕ ತಂಗಿ ನಕ್ಕರು. ಟೈಪಕ್ಕನಿಗೆ ನಗು ಬರಲಿಲ್ಲ. ತನ್ನನ್ನು ಕ್ಷಮಿಸಬೇಕು ಎಂದರು. ಟೀಚರು ಧ್ವನಿ ಬಂದ ದಿಕ್ಕಿಗೆ ತಿರುಗಿದರು. "ಕ್ಷಮಿಸಿದೀನಿ ಅಂದ್ರೆ ನಿಮಗೆ ಸಮಾಧಾನ ಆಗೋ ಹಾಗಿದ್ರೆ ಅಂತೀನಿ, ಅದಕ್ಕೇನು. ಆದ್ರೆ ಸತ್ಯ ಹೇಳ್ಬೇಕಂದ್ರೆ, ನೀವು ಬಿಟ್ಟದ್ದು ಒಂದೂವರೆ ಸಾಲು ತಾನೆ? ಒಂದು ಪುಸ್ತಕಾನೇ ಬಿಟ್ಟವಳು ನಾನು."

ಈ ಮಾತನ್ನು ಹೇಳುವಾಗ ಟೈಪಕ್ಕ ಕೆಲಸ ನಿಲ್ಲಿಸುತ್ತಾರೆ. ಜೆರಾಕ್ಸ್ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತದೆ. "ಬೈದಿದ್ರೆ ಹಗುರಾಗ್ತಿತ್ತು," ಅನ್ನುತ್ತಾರೆ. "ಬೈಲಿಲ್ಲ. ಆ ಐದು ನೋಟ್‌ಬುಕ್ಕು ಯಾವ ಅಂಗಡೀಲಿ ಪೊಟ್ಟಣ ಆಯ್ತೋ. ನಾನು ಕೂತು ಓದಿ ಹೊಡೆದಿದ್ರೆ ಅವು ಇರ್ತಿದ್ವು. ಇದನ್ನ ಯಾವ ಚೀಟಿ ಅಂಟಿಸಿ ಸರಿಮಾಡ್ಲಿ?"

ಅವತ್ತು ಡ್ರೈವರ ಮಗಳು ಸುಮ್ಮನೆ ಕೂತಿರಲಿಲ್ಲ. ಟೀಚರ ಬಳಿ ಉಳಿದಿದ್ದ ಆ ಹಳೆಯ ಪತ್ರಿಕೆಯ ಒಂದೇ ಒಂದು ಪ್ರತಿಯನ್ನು ಕೇಳಿ ಪಡೆದು, ಮಂಚದ ತುದಿಯಲ್ಲಿ ಕೂತು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದಳು. ಎರಡನೇ ಪುಟದಲ್ಲೇ ನಿಂತಳು. "ಟೀಚರ್, ಇಲ್ಲಿ ಮೂವತ್ತು ಶಾಲೆ ಅಂತಿದೆ. ಎಲ್ಲರೂ ಮೂವತ್ತೊಂದು ಅಂತ ಬರೆದಿದಾರೆ."

"ಮೂವತ್ತೇ. ಒಂದು ಶಾಲೇಲಿ ಹಾಜರಿ ಪುಸ್ತಕಾನ ಇಲಿ ತಿಂದಿತ್ತು. ಅದನ್ನ ಸೇರಿಸಿಲ್ಲ."

ಅಂದರೆ ಆ ನೀಲಿ ಶಾಯಿಯ ಹಸ್ತಪ್ರತಿಯೂ ತಪ್ಪಿತ್ತು. ಕಣ್ಣಾರೆ ಓದಿದವರೇ ಒಂದು ಶಾಲೆ ಹೆಚ್ಚು ಎಣಿಸಿಕೊಂಡಿದ್ದರು. ಟೈಪಕ್ಕನಿಗೆ ಅದರಿಂದ ನೆಮ್ಮದಿಯಾಗಬಹುದಿತ್ತು, ಆಗಲಿಲ್ಲ.

ಕೊನೆಯ ಪ್ಯಾರಾಕ್ಕೆ ಬಂದಾಗ ಓದುವವಳ ಧ್ವನಿ ತಗ್ಗಿತು. ಅಲ್ಲಿ ಟೀಚರು ಹೀಗೆ ಬರೆದಿದ್ದರು: ಹಾಜರಿ ಪುಸ್ತಕ ಹೇಳುವುದು ಯಾರು ಬರಲಿಲ್ಲ ಎಂಬುದನ್ನು ಮಾತ್ರ. ಬಾರದವರನ್ನೇ ಕೇಳುವುದು ನನ್ನಿಂದಾಗಲಿಲ್ಲ. ನಾನು ಹೋಗುವ ಹೊತ್ತಿಗೆ ಅವರು ನೀರಿಗೆ ಹೋಗಿರುತ್ತಿದ್ದರು. ಮುಂದೆ ಯಾರಾದರೂ ಆ ಹುಡುಗಿಯರ ಜೊತೆಯೇ ನೀರಿನವರೆಗೆ ನಡೆದುಹೋಗಿ ಕೇಳಬೇಕು.

 ಡ್ರೈವರ ಮಗಳು ಎರಡು ವರ್ಷದಿಂದ ಹುಡುಕುತ್ತಿದ್ದದ್ದು ಅದನ್ನೇ. ಇಷ್ಟು ಜನ ಇಷ್ಟೆಲ್ಲ ಹೇಳಿಯಾದ ಮೇಲೆ ತಾನು ಕೇಳಬೇಕಾದ ಪ್ರಶ್ನೆ ಯಾವುದು ಎಂದು. ಹದಿನೇಳು ಜನ ಅದೇ ವಿಷಯದ ಸುತ್ತ ಸುತ್ತಿ, ಹೊಸದೇನೂ ಉಳಿದಿಲ್ಲವೆಂದು ಕೈಚೆಲ್ಲಿ, ಅವರಿವರು ಹೇಳಿದ್ದನ್ನೇ ಮತ್ತೆ ಹೇಳಿ ಮುಗಿಸಿದ್ದರು. ಪ್ರಶ್ನೆ ಒಂದು ಸಣ್ಣ ಪತ್ರಿಕೆಯ ಕೊನೆಯ ಪ್ಯಾರಾದಲ್ಲಿ, ಯಾರಾದರೂ ಬಂದಾರು ಎಂದು ಮೂವತ್ತನಾಲ್ಕು ವರ್ಷಕ್ಕೂ ಮೇಲೆ ಕಾದು ಕೂತಿತ್ತು. ಆ ಹುಡುಗಿಯರಿಗೆ ಈಗ ಮೊಮ್ಮಕ್ಕಳಿರಬಹುದು.

ಅವಳ ಗೈಡು ಮೊದಲು ಒಪ್ಪಲಿಲ್ಲ. "ಹದಿನೇಳು ಜನ ಬರೆದಿದಾರೆ, ಎಲ್ಲರೂ ಪೆದ್ದರು, ನೀನೊಬ್ಬಳೇ ಜಾಣೆಯಾ?" ಎಂದರಂತೆ. ಅವಳು ಹಸ್ತಪ್ರತಿಯ ಹಾಳೆಯನ್ನೂ ಪತ್ರಿಕೆಯ ಪುಟಗಳನ್ನೂ ಅವರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಗೈಡು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಎದ್ದು ಬೀರುವಿನಿಂದ ತಮ್ಮದೇ ಪ್ರಬಂಧ ತೆಗೆದು ಎರಡನೇ ಅಧ್ಯಾಯ ತೆರೆದರು. ಅದು ಹದಿನೇಳರಲ್ಲಿ ಒಂಬತ್ತನೆಯದು. "ಬರಿ," ಎಂದಷ್ಟೇ ಹೇಳಿ ಕಳಿಸಿದರು.

ಈ ಬೆಳಗ್ಗೆ ಏಳೂವರೆಗೆ ಅವಳು ಬರುತ್ತಾಳೆ. ಎರಡನೇ ಅಧ್ಯಾಯದ ಕೊನೆಯ ಕರಡು ಅವಳ ಕೈಯಲ್ಲಿದೆ. 'ಹಾಜರಿ ಕೂಗ್ತಿದ್ದೀಯಾ' ಅನ್ನಿಸಿಕೊಂಡ ಹುಡುಗ ಬೆಂಚಿನ ಅಂಚಿಗೆ ಸರಿದು ಜಾಗ ಬಿಡುತ್ತಾನೆ. ಅವಳು ಒಂದೊಂದೇ ಸಾಲು ಓದುತ್ತಾಳೆ, ಟೈಪಕ್ಕ ಹೊಡೆಯುತ್ತಾರೆ, ಹೊಡೆದದ್ದನ್ನು ತಿರುಗಿ ಅವಳಿಗೆ ಓದಿ ಹೇಳುತ್ತಾರೆ. ಹಿಂದೆ ಗಂಟೆಗೆ ಹತ್ತು ಪುಟ ಆಗುತ್ತಿತ್ತು, ಈಗ ಮೂರು. ಬೈಂಡರ್ ಅಣ್ಣ ಪರದೆ ಸರಿಸಿ ಇಣುಕಿ, "ಏನೇ, ನಾನು ಕಟ್ಟೋದು ಈ ಜನ್ಮದಲ್ಲೋ ಮುಂದಿನದರಲ್ಲೋ?" ಎಂದು ಕೇಳಿ ಹೋಗುತ್ತಾರೆ.

ಅವಳು ಪೀಠಿಕೆಯಲ್ಲಿ ಟೈಪಕ್ಕನ ಹೆಸರು ಹಾಕಬೇಕೆಂದು ಹಟ ಹಿಡಿದಿದ್ದಾಳೆ. ಟೈಪಕ್ಕ ಒಪ್ಪಿಲ್ಲ. "ಬೇಡಮ್ಮ. ಹಾಕಲೇಬೇಕು ಅಂದ್ರೆ ತಪ್ಪು ಯಾರಿಂದ ಆಯ್ತು ಅನ್ನೋ ಕಡೆ ಹಾಕು, ಅಡಿಟಿಪ್ಪಣೀಲಿ. ಇನ್ನೊಬ್ಬರು ಹುಡುಕ್ಕೊಂಡು ಬಂದ್ರೆ ದಾರಿ ಸಿಗಲಿ." ತಮಗೇನು ಬೇಕು ಎಂದು ಕೇಳಿದರೆ ಸ್ವಲ್ಪ ಯೋಚಿಸುತ್ತಾರೆ. "ಕೈ ಪೂರ್ತಿ ನಿಲ್ಲೋದರೊಳಗೆ ಆ ಹದಿನೇಳರಲ್ಲಿ ಒಂದಕ್ಕಾದ್ರೂ ಚೀಟಿ ಅಂಟಿಸ್ಬೇಕು. ಗೈಡು ತಮ್ಮದಕ್ಕೆ ಸಹಿ ಹಾಕಿ ಕೊಡ್ತೀನಿ ಅಂದಿದಾರಂತೆ. ನೋಡೋಣ. ಹಳೇ ಪಾಪ, ನಿಧಾನಕ್ಕೆ ತೊಳ್ಕೋಬೇಕು."

ಎಂಟೂಕಾಲಿಗೆ ಆ ವಾಕ್ಯ ಬರುತ್ತದೆ. ಟೈಪಕ್ಕ ಹೊಡೆದು, ಮೂರು ಸಲ ತಾಳೆ ನೋಡಿ, ಫೋನು ಕೈಗೆತ್ತಿಕೊಳ್ಳುತ್ತಾರೆ. ಆ ಕಡೆ ತಂಗಿ ಎತ್ತಿಕೊಂಡು ಅಕ್ಕನಿಗೆ ಕೊಡುತ್ತಾರೆ. ಟೈಪಕ್ಕ ಕಂಪ್ಯೂಟರಿನ ಪರದೆ ನೋಡಿಕೊಂಡು ಓದುತ್ತಾರೆ: ಟೀಚರ ಹೆಸರು, ಆರು ವರ್ಷಗಳ ಕಾಲ, ಮೂವತ್ತು ಶಾಲೆಗಳು, ಹಾಜರಿ ಪುಸ್ತಕ, ನೀರಿನ ದೂರ.



"ಟೀಚರ್? ಕೇಳಿಸ್ತಾ?"

"ಕೇಳಿಸ್ತು. ಇನ್ನೊಂದ್ಸಲ ಓದಿ."

ಇನ್ನೊಮ್ಮೆ ಓದುತ್ತಾರೆ. ಓದಿ ಮುಗಿಸಿ, ಫೋನಿಡಲೋ ಬೇಡವೋ ತಿಳಿಯದೆ ಕಾಯುತ್ತಾರೆ.

"ಮುಂದೆ ಏನಿದೆ?"

"ಮುಂದಿನದು ಬೇರೆಯವರದ್ದು ಟೀಚರ್. ನಿಮ್ಮದಲ್ಲ."

"ಇರಲಿ, ಓದಿ," ಅನ್ನುತ್ತದೆ ಎಂಬತ್ತೊಂದರ ಧ್ವನಿ. "ಅವರೂ ಬಿಟ್ಟುಹೋಗೋದು ಬೇಡ."

ಟೈಪಕ್ಕ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮುಂದಿನ ಸಾಲಿಗೆ ಬೆರಳಿಡುತ್ತಾರೆ.